ಹೊರಮುಖದ ಚಪ್ಪಲಿ

ನಮ್ಮೂರಲ್ಲಿ ಮಕ್ಕಳ ಚಪ್ಪಲಿ ತಿರುಗುತ್ತದೆ. ಮಗು ಒಳಗೆ ಸುಖವಾಗಿದ್ದರೆ ಹೊರಗೆ ಬಿಟ್ಟ ಜೋಡಿ ಬಾಗಿಲಿಗೆ ಮುಖ ಮಾಡಿಕೊಂಡು ಬಿಟ್ಟ ಹಾಗೇ ಇರುತ್ತದೆ. ಇಲ್ಲಿಂದ ಹೊರಟುಬಿಡಬೇಕು ಎಂದು ಮಗುವಿಗೆ ಅನ್ನಿಸಿತೋ, ಜೋಡಿ ಮೆಲ್ಲಗೆ ಹೊರಳಿ ಬೀದಿಯ ಕಡೆ ಮುಖ ಮಾಡುತ್ತದೆ. ತಿರುಗುವುದನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ. ಅದೊಂಥರಾ ಒಲೆಯ ಮೇಲಿನ ಹಾಲಿದ್ದ ಹಾಗೆ. ನೋಡುತ್ತಾ ಕೂತರೆ ಉಕ್ಕುವುದಿಲ್ಲ, ಕಣ್ಣು ಆಚೆ ಹೋದ ಗಳಿಗೆಯಲ್ಲೇ ಉಕ್ಕಿರುತ್ತದೆ.

ಹದಿಮೂರು ಹದಿನಾಲ್ಕು ವರ್ಷಕ್ಕೆ ಇದು ನಿಂತುಹೋಗುತ್ತದೆ. ‘ನಮ್ಮ ಹುಡುಗಿಯ ಚಪ್ಪಲಿ ನಿಂತಿತು’ ಎಂದು ಹೇಳಿ ಅಕ್ಕಪಕ್ಕದ ಮನೆಗಳಿಗೆ ಶಾವಿಗೆ ಪಾಯಸ ಕೊಟ್ಟುಬರುತ್ತಾರೆ. ಆಮೇಲೆ ಅವರು ದೊಡ್ಡವರು, ಅವರ ಮನಸ್ಸು ಅವರ ಪಾಡಿಗೆ.

ಇದರ ಜೊತೆ ಬಾಳುವುದನ್ನು ನಾವು ಕಲಿತುಕೊಂಡಿದ್ದೇವೆ. ಪ್ರೈಮರಿ ಶಾಲೆಯ ಜಗಲಿಯಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ನೂರು ಜೋಡಿಯೂ ಹೊರಮುಖವಾಗಿರುತ್ತವೆ. ಒಂದು ಜೋಡಿ ಒಳಮುಖವಾಗಿ ಉಳಿದರೆ ಮೇಷ್ಟ್ರು ಆ ಮಗುವಿನ ಹಣೆ ಮುಟ್ಟಿ ಜ್ವರ ಇದೆಯೇ ನೋಡುತ್ತಾರೆ. ಇಂಜೆಕ್ಷನ್ ಡಾಕ್ಟರು ಬಾಗಿಲ ಬಳಿ ಗೋಣಿಚೀಲ ಇಟ್ಟುಕೊಂಡು ಚಪ್ಪಲಿಗಳ ಮೇಲೆ ಹೊದಿಸಿಬಿಡುತ್ತಾರೆ. ಆದರೆ ನೆಂಟರ ಮನೆಯಲ್ಲಿ ಮಗುವಿನ ಚಪ್ಪಲಿ ತಿರುಗಿದರೆ ಮಾತ್ರ ಆ ಮನೆಯವರಿಗೆ ತಲೆ ತಗ್ಗಿಸುವಂಥ ಅವಮಾನ. ಹಾಗಾಗಿ ನಮ್ಮಲ್ಲಿ ಒಂದು ಮರ್ಯಾದೆ ಬೆಳೆದುಬಂದಿದೆ. ತಿರುಗಿದ ಚಪ್ಪಲಿ ಯಾರ ಕಣ್ಣಿಗೆ ಬಿತ್ತೋ ಅವರು ಕಾಲಿನ ಹೆಬ್ಬೆರಳಿಂದ ಅದನ್ನು ಮತ್ತೆ ಒಳಮುಖ ಮಾಡಿ, ಏನೂ ಆಗದವರ ಹಾಗೆ ಮುಂದೆ ಹೋಗಬೇಕು. ಇದಕ್ಕೆ ‘ಮನೆಯ ಮಾನ ಕಾಯುವುದು’ ಎನ್ನುತ್ತೇವೆ. ಹೊಸ ಸೊಸೆಗೆ ಅತ್ತೆ ಕಲಿಸುವ ಮೊದಲ ಪಾಠವೇ ಇದು.

ಆ ಮಾನ ಕಾಯುವ ಕೆಲಸವನ್ನು ನಮ್ಮೂರಲ್ಲಿ ನನ್ನಷ್ಟು ಚೆನ್ನಾಗಿ ಮಾಡಿದವರು ಇನ್ನೊಬ್ಬರಿಲ್ಲ. ಎಂಟು ಶನಿವಾರ ಜೆಮೀಮ ಎಂಬ ಹತ್ತು ವರ್ಷದ ಹುಡುಗಿಯ ಚಪ್ಪಲಿಯನ್ನು ನನ್ನ ಕೈಯಾರೆ ಒಳಮುಖ ಮಾಡಿ ಇಟ್ಟವಳು ನಾನು. ಅದನ್ನೇ ಹೇಳಬೇಕು ಎಂದು ಕೂತಿದ್ದೇನೆ.

ನನ್ನ ಹೆಸರು ತಬಿತ. ಮೂವತ್ತೊಂದು ವರ್ಷ ಹಂಚಿನ ಕಾರ್ಖಾನೆಯಲ್ಲಿ ಹಂಚು ಜೋಡಿಸಿದೆ. ಒಂದರ ಬೆನ್ನಿಗೆ ಒಂದು, ಕೂದಲೆಳೆಯಷ್ಟೂ ಆಚೀಚೆ ಆಗಕೂಡದು. ಒಂದು ಸೊಟ್ಟಗಾದರೆ ಇಡೀ ಸಾಲು ಜಾರಿ ಬೀಳುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಚರ್ಚಿನವರು, ನಾವು ದೇವಾಲಯ ಎನ್ನುತ್ತೇವೆ, ಕರೆದು ಚಪ್ಪಲಿ ನೋಡಿಕೊಳ್ಳುವ ಕೆಲಸ ಕೊಟ್ಟರು. ಭಾನುವಾರದ ಆರಾಧನೆಗೆ, ಶನಿವಾರ ಮಧ್ಯಾಹ್ನದ ಮಕ್ಕಳ ಕೂಟಕ್ಕೆ ಬರುವವರ ಚಪ್ಪಲಿಗಳನ್ನು ಜೋಡಿಸಿ ಕಾಯುವುದು. ಮಕ್ಕಳಿಗೆ ನಾನು ಚಪ್ಪಲಜ್ಜಿ. ಹಂಚು ಜೋಡಿಸಿದ ಕೈ ಸುಮ್ಮನಿರುತ್ತದೆಯೇ? ಒಮ್ಮೆ ಬಿಷಪ್ಪರು ಬಂದವರು ಮೆಟ್ಟಿಲ ಬಳಿ ನಿಂತು, “ಇಷ್ಟು ಶಿಸ್ತಿನ ಸಭೆ ನಾನು ನೋಡಿಲ್ಲ, ಒಂದು ಮಗುವಿನ ಚಪ್ಪಲಿಯೂ ಹೊರಮುಖ ಇಲ್ಲವಲ್ಲ!” ಎಂದರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಹೊರಮುಖ ಯಾಕಿಲ್ಲ ಎಂದರೆ ಪ್ರತಿ ಕಾಲು ಗಂಟೆಗೊಮ್ಮೆ ನಾನು ತಿರುಗಿಸುತ್ತಿದ್ದೆ, ಅದಕ್ಕೆ. ಇದು ಬಿಷಪ್ಪರಿಗೂ ಗೊತ್ತಿರಬೇಕು. ನಮ್ಮೂರಿನವರೇ ಅವರು.

ಅಕ್ಷರ ಕಲಿತದ್ದು ನನ್ನ ಐವತ್ತಮೂರನೇ ವಯಸ್ಸಿನಲ್ಲಿ, ಕಾರ್ಖಾನೆಯ ಶೆಡ್ಡಿನಲ್ಲಿ ನಡೆಯುತ್ತಿದ್ದ ರಾತ್ರಿ ಶಾಲೆಯಲ್ಲಿ. ಕಲಿಸಿದವರು ಜಯಕರ ಮಾಸ್ಟ್ರು, ನಮ್ಮ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸಿ ಮಕ್ಕಳಿಗೆ ಹಾಡು ಕಲಿಸುವವರು. “ತಬಿತಮ್ಮ, ‘ತ’ ಒಂದು ಕಲಿತುಬಿಡಿ ಸಾಕು, ನಿಮ್ಮ ಹೆಸರಿನ ಮೂರರಲ್ಲಿ ಎರಡು ಪಾಲು ಬಂದ ಹಾಗೆ” ಎಂದು ನಗಿಸಿದವರು. ನನ್ನ ಗಂಡ ತೀರಿಕೊಂಡಾಗ ಸಮಾಧಿಯ ಹತ್ತಿರ ಹಾಡಿದವರೂ ಅವರೇ. ಊರಿನಲ್ಲಿ ಅವರನ್ನು ಕಂಡರೆ ಕೈಮುಗಿಯದವರಿಲ್ಲ. ನಾನು ಎರಡು ಸಲ ಮುಗಿಯುತ್ತಿದ್ದೆ.

ಶುರುವಾದದ್ದು ನನ್ನ ಕೈ ಉಳುಕಿದ್ದರಿಂದ. ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟಿಗೆ ಪಟ್ಟು ಹಾಕಿಸಿಕೊಂಡೆ. ತಿಂಗಳು ಅಲ್ಲಾಡಿಸಬೇಡಿ ಎಂದರು. ಶನಿವಾರ ಬಂತು. ಮಕ್ಕಳು ಬಂದರು, ಚಪ್ಪಲಿ ಬಿಟ್ಟರು, ಹಾಲ್‌ನ ಒಳಗೆ ಓಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ಮಡಿಲಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕೂತೆ. ಸುಮ್ಮನೆ ಕೂತವಳಿಗೆ ನೋಡುವುದೊಂದೇ ಕೆಲಸ.

ನೋಡಿ, ಎಂಥ ತಮಾಷೆ! ಒಳಗೆ ಕಥೆ ಹೇಳುತ್ತಿದ್ದಾಗ ಐವತ್ತು ಜೋಡಿಯೂ ಬಾಗಿಲಿಗೆ ಮೂಗು ಚಾಚಿದ್ದವು. ಸಭಾ ಹಿರಿಯ ನೆಹೆಮೀಯಪ್ಪನವರು ಪ್ರಾರ್ಥನೆ ಶುರುಮಾಡಿದರು. ಅವರದು ಉದ್ದದ ಪ್ರಾರ್ಥನೆ. ಊರಿನ ರೋಗಿಗಳನ್ನೆಲ್ಲ ಹೆಸರು ಹಿಡಿದು ಸ್ವಾಮಿಗೆ ಒಪ್ಪಿಸಬೇಕು. ಮೂರನೇ ರೋಗಿಗೆ ನೋಡಿದರೆ ಹತ್ತು ಜೋಡಿ ತಿರುಗಿದ್ದವು, ಏಳನೇ ರೋಗಿಗೆ ಅರ್ಧ ಸಾಲು. ‘ಆಮೆನ್’ ಹೇಳುವಷ್ಟರಲ್ಲಿ ಎಲ್ಲವೂ ಗೇಟಿನ ಕಡೆ. ಆಮೇಲೆ ಕಡಲೆ ಉಸಲಿಯ ಪಾತ್ರೆ ಒಳಗೆ ಹೋಯಿತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡಿದರೆ ಮತ್ತೆ ಎಲ್ಲವೂ ಒಳಮುಖ! ಒಬ್ಬಳೇ ಕೂತು ನಕ್ಕೆ. ಇಷ್ಟು ವರ್ಷ ಈ ಮಕ್ಕಳು ನನ್ನೆದುರಿಗೆ ಇಷ್ಟೆಲ್ಲ ಮಾತಾಡುತ್ತಿದ್ದರು. ನಾನು ಬಾಯಿ ಮುಚ್ಚಿಸಿ ಸಾಲು ಮಾಡಿ ನಿಲ್ಲಿಸುತ್ತಿದ್ದೆ.

ಕೂಟ ಮುಗಿದ ಮೇಲೆ ಹಾಡಿನ ಅಭ್ಯಾಸ. ಅದು ದೇವಾಲಯದ ಪಕ್ಕದ ಸಂಗೀತದ ಕೋಣೆಯಲ್ಲಿ. ಕೋಣೆಗೆ ಮೂರು ಮೆಟ್ಟಿಲು, ದಪ್ಪ ಹಲಗೆಯ ಒಂದು ಬಾಗಿಲು. ಎಲ್ಲ ಮಕ್ಕಳೂ ಹಾಡಿ ಹೋದ ಮೇಲೆ ಕ್ರಿಸ್ಮಸ್ಸಿಗೆ ಒಂಟಿಯಾಗಿ ಹಾಡುವ ಮಗುವಿಗೆ ಮಾಸ್ಟ್ರು ಮತ್ತೂ ಒಂದು ಗಂಟೆ ಬೇರೆಯಾಗಿ ಕಲಿಸುತ್ತಿದ್ದರು. ಆ ವರ್ಷದ ಒಂಟಿ ಹಾಡು ಜೆಮೀಮಳದು. ಟೈಲರಿಂಗ್ ಮಾಡುವ ವಿಮಲಳ ಮಗಳು. ತಂದೆ ದೂರದ ಊರಲ್ಲಿ ಲಾರಿ ಓಡಿಸುತ್ತಾನೆ. ಹುಡುಗಿಯ ಚಪ್ಪಲಿ ನೀಲಿ ರಬ್ಬರಿನದು. ಎಡಗಾಲಿನ ಪಟ್ಟಿ ಕಿತ್ತುಹೋಗಿ ಪಿನ್ನು ಚುಚ್ಚಿತ್ತು. ಮೇಲಿನ ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ನಾನು ಸಾಲಿನಲ್ಲಿ ಉಳಿದಿದ್ದ ಯಾರದೋ ಒಂಟಿ ಚಪ್ಪಲಿ ನೋಡಿ ಇತ್ತ ತಿರುಗುವಷ್ಟರಲ್ಲಿ ನೀಲಿ ಜೋಡಿ ಹೊರಮುಖವಾಗಿತ್ತು.

ಅದೇನು ಹೊಸದಲ್ಲ ಎಂದು ಆಗ ನೆನಪಾಯಿತು. ಎಂಟು ವಾರದಿಂದಲೂ ಅದು ಹಾಗೇ ತಿರುಗುತ್ತಿತ್ತು, ಎಂಟು ವಾರದಿಂದಲೂ ನಾನು ಎದ್ದುಹೋಗಿ ಸರಿಮಾಡುತ್ತಿದ್ದೆ. ಅಭ್ಯಾಸ ಬೇಜಾರಿರಬೇಕು, ಸರಿಗಮ ಯಾವ ಮಗುವಿಗೆ ಇಷ್ಟ ಎಂದುಕೊಳ್ಳುತ್ತಿದ್ದೆ. ಕೈಗೆ ಪಟ್ಟು ಹಾಕಿತ್ತಲ್ಲ, ಈ ಸಲ ಏಳಲಿಲ್ಲ. ಅದು ಎಷ್ಟು ಹೊತ್ತು ಹಾಗಿರುತ್ತದೆ ನೋಡೋಣ ಎಂಬ ಕುತೂಹಲ ಬೇರೆ. ಉಸಲಿಗೆ ತಿರುಗಿಕೊಳ್ಳುವ ಹಾಗೆ ಹಾಡಿಗೂ ತಿರುಗಿಕೊಳ್ಳಬಹುದಲ್ಲ?

ತಿರುಗಿಕೊಳ್ಳಲಿಲ್ಲ. ನಾನು ಒಂದು ಸಲ ಆಕಾಶ ನೋಡಿದೆ. ಮತ್ತೆ ನೋಡಿದಾಗ ಜೋಡಿ ಎರಡನೇ ಮೆಟ್ಟಿಲಲ್ಲಿತ್ತು.

ತಿರುಗಿದ ಚಪ್ಪಲಿಯನ್ನು ಎಪ್ಪತ್ತು ವರ್ಷದಿಂದ ಕಂಡಿದ್ದೇನೆ. ಇಳಿದದ್ದನ್ನು ಕಂಡಿರಲಿಲ್ಲ. ಯಾರೋ ಎಡವಿರಬೇಕು ಎಂದುಕೊಂಡೆ, ಆದರೆ ಅಲ್ಲಿ ನನ್ನ ಬಿಟ್ಟು ಯಾರೂ ಇರಲಿಲ್ಲ. ಮುಂದಿನ ಶನಿವಾರ ಮತ್ತೆ ನೋಡಿದೆ. ಅವತ್ತು ಅದು ಮೂರೂ ಮೆಟ್ಟಿಲು ಇಳಿದು ನೆಲಕ್ಕೆ ಬಂತು. ಅದರ ಮುಂದಿನ ಶನಿವಾರ ನೆಲದಲ್ಲಿ ನಾಲ್ಕು ಹಂಚಿನಷ್ಟು ದೂರ. ನನ್ನ ಕಣ್ಣಿಗೆ ಅಳತೆ ಎಂದರೆ ಹಂಚೇ. ಪಿನ್ನಿನ ಪಟ್ಟಿಯ ಎಡಗಾಲಿನದು ಸ್ವಲ್ಪ ಹಿಂದೆ, ಬಲಗಾಲಿನದು ಮುಂದೆ, ಓಡುವ ಮಗುವಿನ ಹೆಜ್ಜೆಯ ಹಾಗೆ.

ಅವತ್ತೇ ಇನ್ನೊಂದನ್ನೂ ಕಂಡೆ. ನಡುವೆ ಮಾಸ್ಟ್ರು ನೀರಿಗೆಂದು ಬಾಗಿಲು ತೆರೆದು ಹೊರಗೆ ಬಂದರು. ಮೆಟ್ಟಿಲಿಳಿದು, ನಾಲ್ಕು ಹಂಚಿನ ದೂರ ನಡೆದು, ಆ ಜೋಡಿಯನ್ನು ಪಾದದಿಂದ ಸರಕ್ಕನೆ ತಿರುಗಿಸಿ, ಮೆಟ್ಟಿಲ ಬುಡಕ್ಕೆ ತಳ್ಳಿ, ನಲ್ಲಿಯ ಕಡೆ ಹೋದರು. ಕೆಳಗೆ ನೋಡಲೇ ಇಲ್ಲ. ನಾವೆಲ್ಲ ಮಾನ ಕಾಯುವಾಗ ಒಂದು ಸಲ ಚಪ್ಪಲಿ ನೋಡುತ್ತೇವೆ, ಒಂದು ಸಲ ಅತ್ತಿತ್ತ ನೋಡುತ್ತೇವೆ, ಆಮೇಲೆ ಬೆರಳು ಚಾಚುತ್ತೇವೆ. ಅವರ ಕಾಲಿಗೆ ಚಪ್ಪಲಿ ಎಲ್ಲಿರುತ್ತದೆ ಎಂದು ಗೊತ್ತಿತ್ತು. ನನ್ನನ್ನು ಕಂಡು, “ಕೈ ಹೇಗಿದೆ ತಬಿತಮ್ಮ?” ಎಂದು ಕೇಳಿದರು. “ವಾಸಿ ಮಾಸ್ಟ್ರೆ” ಎಂದೆ. ಎರಡು ಸಲ ಕೈಮುಗಿಯಲು ಹೋದೆ. ಪಟ್ಟು ಹಾಕಿದ ಕೈ ಮೇಲೇಳಲಿಲ್ಲ.

ಅಭ್ಯಾಸ ಮುಗಿಸಿ ಬಂದ ಜೆಮೀಮ ನಲ್ಲಿಯಲ್ಲಿ ತುಂಬಾ ಹೊತ್ತು ಮುಖ ತೊಳೆದಳು. ನಾನು ಹತ್ತಿರ ಹೋಗಿ ಕಟ್ಟೆಯ ಮೇಲೆ ಕೂತೆ.

“ನಿನ್ನ ಚಪ್ಪಲಿ ಬಲು ಚುರುಕು ಕಣೇ. ನಾಲ್ಕು ಹಂಚು ದೂರ ಹೋಗಿತ್ತು.”

ಹುಡುಗಿ ಬೆಚ್ಚಿದಳು. “ನೀವು ನೋಡಿದ್ರಾ? ಅಮ್ಮಂಗೆ ಹೇಳ್ಬೇಡಿ ಅಜ್ಜಿ. ಮಾಸ್ಟ್ರಿಗೆ ಅವಮಾನ ಮಾಡ್ದೆ ಅಂತ ಬೈತಾಳೆ.”

“ಬೈಯೋ ಮಾತಿಲ್ಲ. ಚಪ್ಪಲಿಗೆ ಅಲ್ಲಿರೋಕೆ ಯಾಕೆ ಇಷ್ಟ ಇಲ್ಲ ಅಂತ ನಂಗೊಂದು ಕುತೂಹಲ. ನಿಂಗೆ ಹೇಳ್ಬೇಕು ಅನ್ನಿಸಿದ್ರೆ ಹೇಳು. ಇಲ್ದಿದ್ರೆ ಇಲ್ಲ.”

ಅವಳು ಪಿನ್ನನ್ನು ಬಿಚ್ಚಿದಳು, ಮತ್ತೆ ಚುಚ್ಚಿದಳು. ಕಾಯುವುದು ನನಗೆ ಕಷ್ಟವಲ್ಲ. ಹಸಿ ಹಂಚು ಒಣಗುವುದನ್ನು ಕಾದವಳು.

“ನೀವು ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ.”

“ಆಣೆ ಮಾಡಲ್ಲ ಮಗಾ. ಸುಳ್ಳು ಆಣೆ ನನ್ ಕೈಲಾಗಲ್ಲ. ಆದ್ರೆ ಯಾರಿಗೆ ಹೇಳ್ತೀನಿ ಅನ್ನೋದನ್ನ ನಿಂಗೆ ಮೊದ್ಲು ಹೇಳ್ತೀನಿ.”

ಅವಳು ಅದನ್ನು ತೂಗಿ ನೋಡಿದಳು. ಆಮೇಲೆ ಒಂದೊಂದಾಗಿ ಬಂತು. ಮಾಸ್ಟ್ರು ಒಳಗಿನಿಂದ ಚಿಲಕ ಹಾಕುತ್ತಾರೆ. ಹಾಡು ಕಾಲು ಗಂಟೆಗೇ ಮುಗಿಯುತ್ತದೆ, ಆದರೂ ಬಿಡುವುದಿಲ್ಲ, ಹತ್ತಿರ ಕೂರು, ಇನ್ನೂ ಹತ್ತಿರ ಕೂರು ಎನ್ನುತ್ತಾರೆ. ಪೆಪ್ಪರ್‌ಮೆಂಟ್ ಕೊಡುತ್ತಾರೆ. “ಇದು ನಮ್ಮಿಬ್ಬರ ಗುಟ್ಟು. ಅಮ್ಮಂಗೆ ಹೇಳಿದ್ರೆ ಒಂಟಿ ಹಾಡು ಬೇರೆಯವ್ರಿಗೆ ಹೋಗುತ್ತೆ ಅಂದಿದ್ದಾರೆ” ಎಂದಳು. ಅದರ ಮೇಲೆ ಅವಳು ಹೇಳಲಿಲ್ಲ, ನಾನು ಕೆದಕಲಿಲ್ಲ. “ನಂಗೆ ಪೆಪ್ಪರ್‌ಮೆಂಟ್ ಇಷ್ಟಾನೇ ಇಲ್ಲ ಅಜ್ಜಿ” ಎಂದು ಮಾತ್ರ ಕೊನೆಗೆ ಸೇರಿಸಿದಳು.

“ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನದು ಏನೂ ತಪ್ಪಿಲ್ಲ. ಈಗ ನಾನು ನಿಮ್ಮಮ್ಮನ ಹತ್ರ ಹೋಗ್ತೀನಿ, ಆಮೇಲೆ ಅಯ್ಯನವರ ಹತ್ರ. ನೀನೂ ನನ್ ಜೊತೆ ನಡಿ.”

ಹಬ್ಬದ ಹೊಲಿಗೆ ಹೆಚ್ಚಾಗಿ ಅವತ್ತು ಮಗಳನ್ನು ಕರೆಯಲು ಬರದಿದ್ದ ವಿಮಲ ಹೊಲಿಗೆ ಮಿಷನ್ ತುಳಿಯುತ್ತಾ ಅರ್ಧ ಕೇಳಿದಳು. ಆಮೇಲೆ ಕಾಲು ನಿಂತಿತು. ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಅವಳ ಕೋಪ ಮೊದಲು ಬಿದ್ದದ್ದು ನನ್ನ ಮೇಲೆ.

“ಎಂಟು ವಾರ ತಿರುಗಿತ್ತು ಅಂತೀರಲ್ಲ ತಬಿತಮ್ಮ, ನಾನು ಕರ್ಕೊಂಡು ಹೋಗೋಕೆ ಬಂದಾಗೆಲ್ಲ ಒಳಮುಖಾನೇ ಇರ್ತಿತ್ತಲ್ಲ? ಅದನ್ನ ನೋಡ್ಕೊಂಡೇ ನಾನು ನೆಮ್ಮದಿಯಾಗಿ ಇದ್ದದ್ದು. ಯಾರು ತಿರುಗಿಸ್ತಿದ್ರು?”

“ನಾನೇ ಕಣಮ್ಮ.”

ಅವಳು ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ನನಗಿಂತ ಮುಂದೆ ಹೊರಟಳು. ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ದೇವಾಲಯದ ಪಾದ್ರಿಯನ್ನು, ಅಂದರೆ ಸಭಾಪಾಲಕರನ್ನು, ನಾವು ಅಯ್ಯನವರು ಎನ್ನುತ್ತೇವೆ. ಆಗ ಇದ್ದವರು ಹೊಸಬರು, ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಆದರೆ ಯಾರ ಮನಸ್ಸೂ ನೋಯಬಾರದು ಎಂದು ಒದ್ದಾಡುವವರು. ನಾನೂ ವಿಮಲಳೂ ಹೋದಾಗ ಅವರ ಮನೆಯಲ್ಲಿ ನೆಹೆಮೀಯಪ್ಪನವರು ಕಾಫಿ ಕುಡಿಯುತ್ತಿದ್ದರು. ಎಲ್ಲ ಕೇಳಿ ಅವರು ಲೋಟ ಕೆಳಗಿಟ್ಟರು.

“ಅಲ್ರಮ್ಮ, ಚಪ್ಪಲಿ ಮಾತು ಕೇಳ್ಕೊಂಡು ಸಭೆ ನಡೆಸೋಕಾಗುತ್ತಾ? ನನ್ನ ಪ್ರಾರ್ಥನೆಗೂ ತಿರುಗುತ್ತಂತೆ. ಹಂಗಂತ ನನ್ನ ಮೇಲೂ ಕೇಸ್ ಹಾಕ್ತೀರಾ?”

“ನಿಮ್ಮ ಪ್ರಾರ್ಥನೆಗೆ ತಿರುಗುತ್ತೆ ಸ್ವಾಮಿ, ಮೆಟ್ಟಿಲು ಇಳಿಯಲ್ಲ” ಎಂದೆ. “ಮೇಲಾಗಿ, ಇವತ್ತು ನಾನು ಚಪ್ಪಲಿ ಮಾತು ತಂದಿಲ್ಲ, ಮಗುವಿನ ಮಾತು ತಂದಿದ್ದೀನಿ.”

“ಮೂವತ್ತು ವರ್ಷದಿಂದ ಹಾಡು ಕಲಿಸ್ತಾ ಇರೋ ಮನುಷ್ಯ. ನಿಮಗೇ ಅಕ್ಷರ ಕಲಿಸಿದೋರು. ಉಪ್ಪು ತಿಂದ ಮನೆಗೆ…”

“ಅದನ್ನೇ ನಾನೂ ದಾರಿಯುದ್ದಕ್ಕೂ ನೆನೆಸ್ಕೊಂಡು ಬಂದೆ” ಎಂದೆ. ಸುಳ್ಳಲ್ಲ. ಕಾಲು ಎರಡು ಸಲ ಹಿಂದಕ್ಕೆ ಹೋಗಿತ್ತು.

ಅಯ್ಯನವರು ಬೆರಳು ಹೆಣೆದುಕೊಂಡು ಕೂತಿದ್ದರು. “ಬರೆದು ಕೊಟ್ಟರೆ ಕಮಿಟಿಯಲ್ಲಿ ಇಡಬಹುದು. ಕ್ರಿಸ್ಮಸ್ ಕಳೆದ ಮೇಲೆ…” ಎಂದು ನಿಲ್ಲಿಸಿದರು. ನೆಹೆಮೀಯಪ್ಪ ನನ್ನ ಪಟ್ಟು ಹಾಕಿದ ಕೈ ನೋಡಿ ನಕ್ಕರು. “ಬರೀಲಿ ಬಿಡಿ ಅಯ್ಯನವರೇ. ಹಂಚಿನಷ್ಟು ನೇರವಾಗಿ ಬರೀತಾರೆ.”

ವಿಮಲ ಎದ್ದು ನಿಂತಳು. “ಕ್ರಿಸ್ಮಸ್ಸು ನಿಮಗೆ ಬರ್ಲಿ. ನನ್ನ ಮಗಳು ನಾಳೆಯಿಂದ ಆ ಗೇಟು ದಾಟಲ್ಲ” ಎಂದು ಹೊರಟೇಹೋದಳು.

ಅವಳ ಮಗಳು ದಾಟಲಿಲ್ಲ. ಆದರೆ ಕ್ರಿಸ್ಮಸ್ ನಿಲ್ಲುವುದಿಲ್ಲವಲ್ಲ, ಒಂಟಿ ಹಾಡು ಯಾರಾದರೂ ಹಾಡಲೇಬೇಕಲ್ಲ. ಇದು ನನಗೆ ಹೊಳೆದದ್ದು ಮುಂದಿನ ಶನಿವಾರ, ಹಾಡಿನ ಅಭ್ಯಾಸ ಮುಗಿದು ಮಕ್ಕಳೆಲ್ಲ ಹೋಗುತ್ತಿದ್ದಾಗ. ಜಯಕರ ಮಾಸ್ಟ್ರು ಮೆಟ್ಟಿಲ ಮೇಲೆ ನಿಂತು ಏಳು ವರ್ಷದ ಶಿಫ್ರಳ ತಲೆ ಸವರಿ, “ನೀನಿರು ಮರಿ” ಎಂದರು. ಅವಳ ಹೊಸ ಕೆಂಪು ಚಪ್ಪಲಿ ಬಾಗಿಲಿಗೆ ಮುಖ ಮಾಡಿ ನಗುತ್ತಿತ್ತು. ಆ ಕೂಸಿಗೆ ಇನ್ನೂ ಏನೂ ಗೊತ್ತಿಲ್ಲ, ಚಪ್ಪಲಿಗೆ ಎಲ್ಲಿಂದ ಗೊತ್ತಾಗಬೇಕು?

ಚಪ್ಪಲಿ ತಿರುಗಲಿ ಎಂದು ಕಾಯುವುದು ಎಂಥ ಮೂರ್ಖತನ ಎಂದು ಅನ್ನಿಸಿದ್ದು ಆಗಲೇ. ತಿರುಗುವ ಹೊತ್ತಿಗೆ ಮಗು ಒಳಗಿರುತ್ತದೆ.

ಎದ್ದು ಹೋದೆ. ಮೂರು ಮೆಟ್ಟಿಲು ಹತ್ತಿ ಹೊಸ್ತಿಲ ಮೇಲೆ, ಬಾಗಿಲ ಚೌಕಟ್ಟಿನ ಎರಡು ಕಂಬಗಳ ನಡುವೆ, ಕಾಲು ಚಾಚಿ ಕೂತುಬಿಟ್ಟೆ.

ಮಾಸ್ಟ್ರು ಹಾರ್ಮೋನಿಯಂ ತೆರೆಯುತ್ತಾ ಇದ್ದವರು ತಿರುಗಿ ನೋಡಿದರು. “ಏನು ತಬಿತಮ್ಮ? ಬಾಗಿಲು ಹಾಕ್ಬೇಕು.”

“ಹಾಕಿ ಮಾಸ್ಟ್ರೆ. ನಾನು ಬೇಡ ಅಂದ್ನಾ?”

“ನೀವು ನಡುವೆ ಕೂತಿದ್ದೀರಲ್ಲ.”

“ಮೊಣಕಾಲು ಹಿಡ್ಕೊಂಡುಬಿಟ್ಟಿದೆ. ಏಳೋಕೇ ಆಗ್ತಿಲ್ಲ ನೋಡಿ. ನೀವು ಹಾಡಿ, ನಾನೂ ಕೇಳ್ತೀನಿ.”

ನಗುತ್ತಲೇ ಹತ್ತಿರ ಬಂದರು. ಬಗ್ಗಿ, ಮೆಲ್ಲಗೆ, ರಾತ್ರಿ ಶಾಲೆಯಲ್ಲಿ ಕೈ ಹಿಡಿದು ತಿದ್ದಿಸುವಾಗಿನ ಅದೇ ದನಿಯಲ್ಲಿ, “ನಿಮಗೆ ಅಕ್ಷರ ಕಲಿಸಿದ್ದು ನಾನು. ನನ್ನ ಮೇಲೆ ನಂಬಿಕೆ ಇಲ್ವಾ?” ಎಂದರು.

ನನಗೆ ಅವರ ಮೇಲೆ ಇದ್ದ ಪ್ರೀತಿ ಒಂದು ವಾರದಲ್ಲಿ ಹೋಗುವಂಥದ್ದಲ್ಲ. “ನಂಬಿಕೆ ಇದ್ರೂ ಇಲ್ದಿದ್ರೂ ಬಾಗಿಲು ತೆಗೆದೇ ಇರ್ಲಿ ಮಾಸ್ಟ್ರೆ” ಎಂದೆ. “ಹಾಡು ಗಾಳಿಗೆ ಕೆಡುತ್ತಾ?”

ಅವರು ಹಾಡಲಿಲ್ಲ. ಶಿಫ್ರ ಪಿಳಿಪಿಳಿ ನೋಡುತ್ತಾ ನಿಂತಿದ್ದಳು. ಅಷ್ಟರಲ್ಲಿ ನನ್ನ ಪಕ್ಕ ಯಾರೋ ಬಂದು ಕೂತರು. ನೋಡಿದರೆ ಹೆಪ್ಸಿ. ಹದಿನೇಳು ವರ್ಷದ ಹುಡುಗಿ, ಕೂಟದಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಹೇಳುವವಳು. ಮೂರು ವರ್ಷದ ಹಿಂದೆ ಒಂಟಿ ಹಾಡು ಅವಳದೇ. ಹಬ್ಬಕ್ಕೆ ಒಂದು ವಾರ ಇರುವಾಗ ಗಂಟಲು ನೋವು ಎಂದವಳು ಆಮೇಲೆ ಹಾಡಲೇ ಇಲ್ಲ. ಅವಳು ಮಾಸ್ಟ್ರ ಕಡೆ ನೋಡಲಿಲ್ಲ. ಚಾಚಿದ ನನ್ನ ಕಾಲಿನ ಪಕ್ಕ ತನ್ನ ಕಾಲನ್ನೂ ಚಾಚಿದಳು. ಈಗ ಹೊಸ್ತಿಲಲ್ಲಿ ಒಂದು ಬೆಕ್ಕು ನುಸುಳಲೂ ಜಾಗವಿರಲಿಲ್ಲ.

“ನನ್ನ ಚಪ್ಪಲಿ ಆಗ್ಲೇ ನಿಂತುಬಿಟ್ಟಿತ್ತಜ್ಜಿ” ಎಂದಳು, ಗೇಟಿನ ಕಡೆ ನೋಡುತ್ತಾ. “ಮನೇಲಿ ಪಾಯಸ ಹಂಚಿ ಒಂದು ತಿಂಗಳಾಗಿತ್ತು. ನಾನು ಎಷ್ಟು ಸಲ ಬಾಗಿಲ ಸಂದಿಯಿಂದ ನೋಡ್ತಿದ್ದೆ ಗೊತ್ತಾ, ಒಂದೇ ಒಂದು ಸಲ ತಿರುಗಲಿ ಅಂತ. ತಿರುಗಲೇ ಇಲ್ಲ. ತಿರುಗದೇ ಇದ್ದ ಮೇಲೆ ನನ್ನ ಮಾತು ಯಾರು ನಂಬ್ತಾರೆ?”

ಒಳಗೆ ಹಾರ್ಮೋನಿಯಂ ಮುಚ್ಚಿದ ಸದ್ದಾಯಿತು. “ಇದೇನಿದು, ಏನು ಮಾತು ಇದು” ಎಂದರು ಮಾಸ್ಟ್ರು. ದನಿಯಲ್ಲಿ ನಗು ಇರಲಿಲ್ಲ. ನಾನು ಶಿಫ್ರಳನ್ನು ಕೈಬೀಸಿ ಕರೆದು, ನಮ್ಮ ಕಾಲುಗಳ ಮೇಲಿಂದ ದಾಟಿಸಿ, ಅಯ್ಯನವರನ್ನು ಕರೆದು ತಾ ಎಂದು ಓಡಿಸಿದೆ. ಕೆಂಪು ಚಪ್ಪಲಿ ಹಾಕಿಕೊಳ್ಳದೆಯೇ ಓಡಿತು ಮಗು.

ಅಯ್ಯನವರು ಬಂದರು. ಹೆಪ್ಸಿ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದಳು. ನಾನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಾಗದ ತೆಗೆದು ಕೊಟ್ಟೆ. ಉಳುಕಿದ ಕೈಯಲ್ಲೇ ಮೂರು ದಿನ ಕೂತು ಬರೆದದ್ದು. ಹಂಚಿನಷ್ಟು ನೇರವಾಗಿರಲಿಲ್ಲ, ಸಾಲುಗಳು ಇಳಿಜಾರಿಗೆ ಬಿದ್ದಿದ್ದವು. ಜೆಮೀಮ ಹೇಳಿದ್ದು ಅವಳು ಹೇಳಿದ ಹಾಗೆ, ನಾನು ನೋಡಿದ್ದು ನೋಡಿದ ಹಾಗೆ. ಎಂಟು ವಾರ ತಿರುಗಿಸಿದವಳು ನಾನೇ ಎಂಬುದೂ ಇತ್ತು. ಕೊನೆಯಲ್ಲಿ ತಬಿತ ಎಂದು ಸಹಿ. ಆ ‘ತ’ವನ್ನು ನಾನು ಬರೆಯುವುದು ಈಗಲೂ ಅವರು ಕಲಿಸಿದ ಹಾಗೇ, ಬಾಲ ಸ್ವಲ್ಪ ಉದ್ದ. ಬೇರೆ ಥರ ಬರೆಯಲು ನನಗೆ ಬರುವುದಿಲ್ಲ.

ಅಯ್ಯನವರು ನಿಂತಲ್ಲೇ ಓದಿದರು. ಓದಿ ಮುಗಿಸಿ ಮಾಸ್ಟ್ರ ಕಡೆ ಕೈಚಾಚಿದರು. “ಮಾಸ್ಟ್ರೆ, ಕೋಣೆಯ ಬೀಗದ ಕೈ ಕೊಡಿ” ಎಂದರು. “ಇನ್ನು ಮುಂದೆ ನೀವು ಮಕ್ಕಳ ಹತ್ತಿರ ಹೋಗುವ ಹಾಗಿಲ್ಲ. ಸೋಮವಾರದವರೆಗೆ ಕಾಯೋದಿಲ್ಲ, ಕಮಿಟಿಗೂ ಕಾಯೋದಿಲ್ಲ. ಈ ಕಾಗದ ಈಗಲೇ ಪೊಲೀಸ್ ಠಾಣೆಗೆ ಹೋಗುತ್ತೆ.” ಆಮೇಲೆ ಹೆಪ್ಸಿಯ ಕಡೆ ಬಗ್ಗಿ, “ನಿನ್ನ ಮಾತು ನಾನು ನಂಬ್ತೀನಮ್ಮ. ಮೂರು ವರ್ಷ ತಡವಾಯ್ತು” ಎಂದರು. ಅವರು ಆಗ ಊರಿಗೆ ಬಂದೇ ಇರಲಿಲ್ಲ, ಆದರೂ ಹಾಗೆಂದರು.

ಮಾಸ್ಟ್ರು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡು ಹೋದರು. ಅವರ ಚಪ್ಪಲಿ ಬಿಟ್ಟ ಹಾಗೇ ನೆಟ್ಟಗಿತ್ತು. ದೊಡ್ಡವರದು ಏನನ್ನೂ ಹೇಳುವುದಿಲ್ಲ.

ಆಮೇಲೆ ಊರು ಎರಡಾಯಿತು. ಮಾರುಕಟ್ಟೆಯಲ್ಲಿ ಕೆಲವರು ನನ್ನನ್ನು ಕಂಡು ಆಚೆ ಬದಿಗೆ ಹೋದರು. ಒಬ್ಬಾಕೆ, “ಅಕ್ಷರ ಕಲಿಸಿದ ಕೈ ಕಚ್ಚಿದಳು” ಎಂದು ನನಗೆ ಕೇಳುವಂತೆಯೇ ಅಂದಳು. ತನಿಖೆ ನಡೆಯಿತು, ಪ್ರಕರಣ ಜಿಲ್ಲಾ ಕೋರ್ಟಿನಲ್ಲಿದೆ, ಅದರ ದಾರಿ ಉದ್ದ. ಹೆಪ್ಸಿಗಿಂತ ದೊಡ್ಡವರು ಇನ್ನಿಬ್ಬರು ತಾವಾಗಿ ಬಂದು ಹೇಳಿದರು. ಅದರಲ್ಲೊಬ್ಬಳಿಗೆ ಮದುವೆಯಾಗಿ ಮಗುವಿತ್ತು. ನೆಹೆಮೀಯಪ್ಪನವರು ಒಂದು ದಿನ ನನ್ನ ಪಕ್ಕ ಕಟ್ಟೆಯ ಮೇಲೆ ಬಂದು ಕೂತು, “ನನ್ನ ಪ್ರಾರ್ಥನೆ ನಿಜವಾಗ್ಲೂ ಅಷ್ಟು ಉದ್ದ ಇರುತ್ತಾ?” ಎಂದು ಕೇಳಿದರು. “ಮೂರನೇ ರೋಗಿಗೆ ನಿಲ್ಲಿಸಿ ಸ್ವಾಮಿ” ಎಂದೆ. ಈಗ ನಿಲ್ಲಿಸುತ್ತಾರೆ.

ಸಂಗೀತದ ಕೋಣೆಯ ಬಾಗಿಲಿನ ಮೇಲರ್ಧ ಕೊಯ್ದು ಗಾಜು ಹಾಕಿಸಿದರು, ಚಿಲಕ ಕಿತ್ತರು. ಯಾವ ಮಗುವಿನ ಜೊತೆಗೂ ದೊಡ್ಡವರು ಒಬ್ಬರೇ ಇರುವ ಹಾಗಿಲ್ಲ, ಅಯ್ಯನವರೂ ಸೇರಿ. ಮಕ್ಕಳಿಗೆ ಏನಾದರೂ ಕೊಡುವುದಿದ್ದರೆ ಎಲ್ಲರೆದುರಿಗೆ ಕೊಡಬೇಕು. ಚಪ್ಪಲಿ ನಿಂತ ಮಕ್ಕಳನ್ನು ತಿಂಗಳಿಗೊಮ್ಮೆ ಹೆಪ್ಸಿಯೂ ಇನ್ನೊಬ್ಬ ಅಕ್ಕನೂ ಮರದಡಿಯಲ್ಲಿ ಕೂರಿಸಿಕೊಂಡು, ಅವರು ಹೇಳಲಿ ಬಿಡಲಿ, ಎಲ್ಲಿಂದಾದರೂ ಹೊರಟುಬಿಡಬೇಕು ಅನ್ನಿಸಿತೇ ಎಂದು ಕೇಳುತ್ತಾರೆ. ಇವನ್ನೆಲ್ಲ ಹಲಗೆಯ ಮೇಲೆ ಬರೆದವಳು ನಾನು. ಎಲ್ಲಕ್ಕೂ ಮೇಲೆ ದಪ್ಪಗೆ ಬರೆದಿದ್ದೇನೆ: ಮಗುವಿನ ಚಪ್ಪಲಿಯನ್ನು ಯಾರೂ ತಿರುಗಿಸಬಾರದು. ಅದನ್ನು ಓದಿಯೂ ಹೆಬ್ಬೆರಳು ಚಾಚುವವರಿದ್ದಾರೆ. ಹುಟ್ಟಿದಾಗಿನಿಂದ ಬಂದ ಮರ್ಯಾದೆ, ಕಾಲಿಗೆ ಓದು ಬರುವುದಿಲ್ಲ. ಅಂಥವರ ಕಾಲಿಗೆ ನನ್ನ ಕೋಲಿನಿಂದ ಮೆತ್ತಗೆ ಒಂದು ತಟ್ಟುತ್ತೇನೆ.

ಆ ಕ್ರಿಸ್ಮಸ್ಸಿಗೆ ಒಂಟಿ ಹಾಡು ಇರಲಿಲ್ಲ. ಅದರ ಮುಂದಿನ ವರ್ಷ, ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗ, ಒಂದು ಶನಿವಾರ ವಿಮಲ ಮಗಳ ಕೈ ಹಿಡಿದು ಗೇಟಿನೊಳಗೆ ಬಂದಳು. ನನ್ನನ್ನು ನೋಡಿದಳು. ನಗಲಿಲ್ಲ, ಆದರೆ ಆಚೆ ಬದಿಗೂ ಹೋಗಲಿಲ್ಲ. ಜೆಮೀಮ ಉದ್ದವಾಗಿದ್ದಳು. ಚಪ್ಪಲಿ ಹೊಸದು, ಬಣ್ಣ ಅದೇ ನೀಲಿ. ಸಂಗೀತದ ಕೋಣೆಯ ಮೆಟ್ಟಿಲ ಬುಡದಲ್ಲಿ ನಿಂತು, ಗಾಜಿನಿಂದ ಒಳಗೆ ಕಾಣುವ ಹೊಸ ಟೀಚರನ್ನೂ ಹೆಪ್ಸಿಯನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಜ್ಜಿ, ತಿರುಗಿದ್ರೆ ತಿರುಗಿಸಲ್ಲ ಅಲ್ವಾ?”

“ಮುಟ್ಟೋದೂ ಇಲ್ಲ.”

“ಇಳಿದು ಹೋದ್ರೆ?”

“ಹಿಂದೇನೇ ಹೋಗಿ ಎಲ್ಲಿಗೆ ಹೋಗುತ್ತೆ ನೋಡ್ಕೊಂಡು ಬಂದು, ನಿನ್ನನ್ನ ಒಳಗಿಂದ ಹೊರಗೆ ಕರೀತೀನಿ.”

ಅವಳು ಮೇಲಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ವಿಮಲ ಬಂದು ನನ್ನ ಪಕ್ಕ ಕೂತಳು. ಹಾರ್ಮೋನಿಯಂ ಶುರುವಾಯಿತು, ಆಮೇಲೆ ಸಣ್ಣಗೆ, ತಡವರಿಸುತ್ತಾ, ಅವಳ ದನಿ. ನಾವಿಬ್ಬರೂ ಆ ಜೋಡಿಯನ್ನೇ ನೋಡುತ್ತಿದ್ದೆವು. ನೋಡುತ್ತಾ ಕೂತರೆ ಅಲುಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ವಿಮಲ ಒಂದು ಗಳಿಗೆ ಕಣ್ಣು ಮುಚ್ಚಿದಳು. ನಾನೂ ಮುಚ್ಚಿದೆ.

ತೆರೆದಾಗ ಒಂದು ಚಪ್ಪಲಿ ಬಾಗಿಲ ಕಡೆ ಇತ್ತು, ಇನ್ನೊಂದು ಗೇಟಿನ ಕಡೆ. ನಾನು ಕೈಗಳೆರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತೆ.